ಒಂದನೇ ಲೇನ್

ನಮ್ಮ ಕಾಲೇಜಿನ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಸಂಪಾದಕ ಬಳಗದ ಹುಡುಗಿ ಮೆಸೇಜ್ ಮಾಡಿದ್ದಳು. ಫೋನ್ ಮಾಡಲಾ ಸರ್ ಎಂದೂ ಕೇಳಿದಳು. ಮಾಡಮ್ಮಾ, ಎತ್ತುತ್ತೇನೆ, ಆದರೆ ನೀನೊಬ್ಬಳೇ ಮಾತಾಡಬೇಕಾಗುತ್ತೆ ಎಂದು ಉತ್ತರ ಹಾಕಿದೆ. ಪಾಪ, ಗಾಬರಿಯಾಗಿ ನಾಲ್ಕು ಸಲ ಸಾರಿ ಹೇಳಿದಳು. ಹಾಗಾಗಿ ಈಗಿನ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನನಗೆ ಕಿವಿ ಕೇಳಿಸುವುದಿಲ್ಲ. ಆರನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಎರಡೂ ಕಿವಿಯನ್ನು ಜೊತೆಗೇ ಕರೆದುಕೊಂಡು ಹೋಯಿತು. ಅಷ್ಟು ಹೊತ್ತಿಗೆ ಮಾತು ಕಲಿತಿದ್ದೆ, ಅದೊಂದು ಉಳಿಯಿತು.

ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ ಎಂದ ಕೂಡಲೇ ಜನ ಅದೇನೋ ಮಂತ್ರವಿದ್ಯೆ ಅಂದುಕೊಳ್ಳುತ್ತಾರೆ. ಕನ್ನಡಿ ಮುಂದೆ ನಿಂತು ದನಿ ತೆಗೆಯದೆ ಮರ, ಬರ, ಪರ ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ. ಕ, ಗ ಅಂತೂ ಒಳಗೇ ಮುಗಿದುಹೋಗುತ್ತವೆ, ಹೊರಗೆ ಕಾಣುವುದೇ ಇಲ್ಲ. ಅರ್ಧಕ್ಕಿಂತ ಜಾಸ್ತಿ ಊಹೆ. ಎದುರಿಗಿರುವವರಿಗೆ ದಪ್ಪ ಮೀಸೆ ಇದ್ದರೆ ಊಹೆಗೂ ಜಾಗವಿಲ್ಲ. ಒಂದು ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರಿಗೆ ಪೊರಕೆಯಂಥ ಮೀಸೆ. ಅವರು ಕೇಳಿದ್ದೇ ಬೇರೆ, ನಾನು ಹತ್ತು ನಿಮಿಷ ವಿವರಿಸಿದ್ದೇ ಬೇರೆ. ಪಾಸಾದೆ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಕ್ಲಾಸಿನಲ್ಲಿ ನನಗೆ ಕಷ್ಟವಾಗಿದ್ದು ಮೇಷ್ಟ್ರುಗಳ ಬೆನ್ನು. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತಾಡುತ್ತಾರಲ್ಲ, ಅಷ್ಟು ಹೊತ್ತು ನನಗೆ ಪಾಠ ಬಂದ್. ಸ್ಟ್ರಕ್ಚರ್ಸ್, ಅಂದರೆ ಕಟ್ಟಡ ಭಾರ ಹೊರುವ ಲೆಕ್ಕದ ಪಾಠ, ತೆಗೆದುಕೊಳ್ಳುತ್ತಿದ್ದ ಮೇಡಂ ಒಬ್ಬರು ಮಾತ್ರ ಮೊದಲು ಬರೆಯುತ್ತಿದ್ದರು, ಸೀಮೆಸುಣ್ಣ ಕೆಳಗಿಟ್ಟು ಈ ಕಡೆ ತಿರುಗುತ್ತಿದ್ದರು, ಆಮೇಲೆ ಬಾಯಿ ತೆರೆಯುತ್ತಿದ್ದರು. ನಾನು ಕೇಳಿರಲಿಲ್ಲ, ಅವರೂ ಹೇಳಿಕೊಳ್ಳಲಿಲ್ಲ. ನಾನು ಸ್ಟ್ರಕ್ಚರಲ್ ಇಂಜಿನಿಯರ್ ಆಗಿದ್ದು ಆ ವಿಷಯದ ಮೇಲಿನ ಪ್ರೀತಿಯಿಂದ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಪೂರ್ತಿ ಅರ್ಥವಾಗಿದ್ದೇ ಆ ಒಂದು ವಿಷಯ.

ಉಳಿದದ್ದಕ್ಕೆಲ್ಲ ನನ್ನ ಬೆಂಚಿನ ಗೆಳೆಯ ಇದ್ದ. ನೋಟ್ಸ್ ಬರೆಯುವಾಗ ಹಾಳೆ ಕೆಳಗೆ ಕಾರ್ಬನ್ ಪೇಪರ್ ಇಟ್ಟುಕೊಳ್ಳುತ್ತಿದ್ದ. ಮೇಲಿನ ಪ್ರತಿ ಅವನಿಗೆ, ಕೆಳಗಿನ ನೀಲಿ ಪ್ರತಿ ನನಗೆ. ಬರೀ ಪಾಠ ಅಲ್ಲ, ಕ್ಲಾಸಿನಲ್ಲಿ ನಡೆದಿದ್ದೆಲ್ಲ ಅದರಲ್ಲಿ ಇರುತ್ತಿತ್ತು. ಬೆಂಡಿಂಗ್ ಮೊಮೆಂಟ್ ಲೆಕ್ಕದ ಪಕ್ಕದಲ್ಲೇ ಚಿಕ್ಕದಾಗಿ, 'ಹಿಂದಿನ ಬೆಂಚಿನವನು ಆಕಳಿಸಿದ, ಸರ್ ನೋಡಿದರು, ಎಲ್ಲರೂ ನಕ್ಕರು' ಎಂದು ಬರೆದಿರುತ್ತಿದ್ದ. ಎಲ್ಲರೂ ನಕ್ಕಾಗ ಕಾರಣ ಗೊತ್ತಿಲ್ಲದೆ ಸುಮ್ನೆ ಹಲ್ಲು ಕಿರಿಯುವುದು ಎಂಥ ಹಿಂಸೆ ಅಂತ ಅವನಿಗೆ ಯಾರು ಹೇಳಿಕೊಟ್ಟರೋ. ನಾನು ನಗುತ್ತಿದ್ದೆ, ಒಂದು ಗಂಟೆ ತಡವಾಗಿ.

ಇನ್ನು ಓಟ. ನನ್ನದು 400 ಮೀಟರ್. ಈ ಓಟದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಹೊರಡುವುದಿಲ್ಲ. ತಿರುವಿನ ಲೆಕ್ಕ ಸರಿಹೋಗಲಿ ಎಂದು ಎರಡನೇ ಲೇನಿನವನನ್ನು ಒಂದನೇ ಲೇನಿನವನಿಗಿಂತ ಏಳು ಮೀಟರ್ ಮುಂದೆ ನಿಲ್ಲಿಸುತ್ತಾರೆ, ಎಂಟನೇ ಲೇನಿನವನನ್ನು ಸುಮಾರು 53 ಮೀಟರ್ ಮುಂದೆ. ಒಂದನೇ ಲೇನ್ ಅಂದರೆ ಎಲ್ಲರಿಗೂ ಬೇಜಾರು, ತಿರುವು ಬಿಗಿ. ನಾನು ಮಾತ್ರ ಚೀಟಿ ಎತ್ತುವಾಗ ಅದೇ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾಕೆಂದರೆ ಅಲ್ಲಿ ಕೂತರೆ ಉಳಿದ ಏಳು ಜನರೂ ಕಣ್ಣ ಮುಂದೆ. ಪಕ್ಕದವನ ಹಿಮ್ಮಡಿ ಅಲ್ಲಾಡಿತೋ, ನಾನು ಹೊರಟೆ. ಅವನು ಗುಂಡಿನ ಸದ್ದು ಕೇಳಿ ಏಳಬೇಕು, ನಾನು ಅವನು ಎದ್ದಿದ್ದು ನೋಡಿ ಏಳಬೇಕು. ಸೆಕೆಂಡಿನ ಐದನೇ ಒಂದು ಭಾಗ ಅಲ್ಲೇ ಹೋಯಿತು. ಓಟದ ವೇಗದಲ್ಲಿ ಅದು ಒಂದೂವರೆ ಮೀಟರ್.

ಎರಡನೇ ವರ್ಷದ ಕ್ರೀಡಾಕೂಟದಲ್ಲಿ ಬಂತು ನೋಡಿ ಎಂಟನೇ ಲೇನ್. ಮುಂದೆ ಖಾಲಿ ಟ್ರ್ಯಾಕ್, ಜನವೆಲ್ಲ ಬೆನ್ನ ಹಿಂದೆ. ತಲೆ ಬಗ್ಗಿಸಿ ಕಂಕುಳ ಸಂದಿಯಿಂದ ಏಳನೇ ಲೇನಿನವನ ಕೈ ನೋಡುತ್ತಾ ಕೂತೆ. ಕೈ ಎದ್ದಿತು, ಓಡಿದೆ. ಎಂಥ ಓಟ ಅಂತೀರಿ! ಮೊದಲ ತಿರುವು ದಾಟಿದರೂ ಪಕ್ಕದಲ್ಲಿ ಯಾರೂ ಇಲ್ಲ. ಹಿಂದಿನ ನೇರ ಮುಗಿಯಿತು, ಆಗಲೂ ಇಲ್ಲ. ಜನ ಎದ್ದು ನಿಂತು ಕೈ ಬೀಸುತ್ತಿದ್ದಾರೆ. ನನ್ನ ಜೀವನದ ಅತ್ಯುತ್ತಮ ಓಟ ಇದೇ ಅಂದುಕೊಂಡು ಇನ್ನೂ ಜೋರು ಮಾಡಿದೆ. 300 ಮೀಟರ್ ಹತ್ತಿರ ನನ್ನ ಬೆಂಚಿನ ಗೆಳೆಯ ಟ್ರ್ಯಾಕಿಗೇ ಹಾರಿ ಎರಡೂ ಕೈ ಅಗಲಿಸಿ ಅಡ್ಡ ನಿಂತ. ಏಳನೇ ಲೇನಿನವನು ಗುಂಡಿಗೆ ಮೊದಲೇ ಎದ್ದು ಫೌಲ್ ಮಾಡಿದ್ದನಂತೆ. ವಾಪಸ್ ಕರೆಯಲು ಎರಡನೇ ಗುಂಡು ಹೊಡೆದಿದ್ದರಂತೆ. ಎಲ್ಲರೂ ಆಗಲೇ ಹಿಂದೆ ಹೋಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಹತ್ತು ನಿಮಿಷ ಬಿಟ್ಟು ಮತ್ತೆ ಓಡಿಸಿದರು. ಕೊನೆಯವನಾಗಿ ಬಂದೆ, ಬಂದು ಹುಲ್ಲಿನ ಮೇಲೆ ವಾಂತಿ ಮಾಡಿದೆ.

ಅವತ್ತು ಸಂಜೆ ಪಿ.ಡಿ. ಸರ್, ಅಂದರೆ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು, ಕರೆದು ಒಂದು ಮಾತು ಹೇಳಿದರು. ಕೊನೆಯ ಗೆರೆಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತವರು ಗುಂಡಿನ ಸದ್ದು ಕೇಳಿ ಗುಂಡಿ ಒತ್ತುವುದಿಲ್ಲ, ಹೊಗೆ ನೋಡಿ ಒತ್ತುತ್ತಾರೆ. ಸದ್ದು ನೂರು ಮೀಟರ್ ಬರುವಷ್ಟರಲ್ಲಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗುತ್ತೆ, ಅದಕ್ಕೆ. ಟೈಮ್ ನೋಡುವವರೇ ಕಿವಿ ನಂಬುವುದಿಲ್ಲ, ನೀನ್ಯಾಕೋ ತಲೆ ಕೆಡಿಸಿಕೊಳ್ಳುತ್ತೀಯಾ ಎಂದರು. ಮುಂದಿನ ಕೂಟದಿಂದ ಗುಂಡು ಹಾರಿಸುವ ಸ್ಟಾರ್ಟರ್ ಪಕ್ಕದಲ್ಲಿ ತಾವೇ ಕೆಂಪು ಕರವಸ್ತ್ರ ಹಿಡಿದು, ನನಗೆ ಕಾಣುವ ಹಾಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು.

ಕಿವುಡರದ್ದೇ ಕ್ರೀಡಾಕೂಟಗಳಿವೆ ಎಂದು ಗೊತ್ತಾಗಿದ್ದು ಆಮೇಲೆ. ಪ್ಯಾರಾಲಿಂಪಿಕ್ಸ್‌ಗೆ ಯಾಕೆ ಹೋಗಲಿಲ್ಲ ಎಂದು ಈಗಲೂ ಕೇಳುತ್ತಾರೆ. ಅಲ್ಲಿ ನಮಗೆ ವಿಭಾಗವೇ ಇಲ್ಲ. ನಮ್ಮದು ಡೆಫ್‌ಲಿಂಪಿಕ್ಸ್, 1924ರಲ್ಲಿ ಪ್ಯಾರಿಸ್‌ನಲ್ಲಿ ಒಂಬತ್ತು ದೇಶಗಳೊಂದಿಗೆ ಶುರುವಾಗಿದ್ದು, ಪ್ಯಾರಾಲಿಂಪಿಕ್ಸ್‌ಗಿಂತ 36 ವರ್ಷ ಹಳೆಯದು. ಒಳ್ಳೆಯ ಕಿವಿಯಲ್ಲೂ ಕನಿಷ್ಠ 55 ಡೆಸಿಬಲ್ ನಷ್ಟ ಇರಬೇಕು, ಸ್ಪರ್ಧೆಯ ಹೊತ್ತಿಗೆ ಹಿಯರಿಂಗ್ ಏಡ್ ತೆಗೆದಿಡಬೇಕು. ನಾನು ಅಲ್ಲಿಯವರೆಗೆ ಹೋದವನಲ್ಲ, ಅದಕ್ಕಿಂತ ಕೆಳಗಿನ ಕೂಟಗಳಲ್ಲಿ ಓಡಿ ಪದಕ ತಂದವನು. ಮೊದಲ ಸಲ ಹೋದಾಗ, ಹೊರಡುವಾಗ ಕಾಲು ಒತ್ತಿಡುವ ಬ್ಲಾಕ್ ಮುಂದೆ ನೆಲದ ಮೇಲೆ ಪುಟ್ಟ ದೀಪದ ಪೆಟ್ಟಿಗೆ ಇಟ್ಟಿದ್ದರು. ಕೆಂಪು ಬಂದರೆ ಸಿದ್ಧ, ಹಳದಿಗೆ ಸೊಂಟ ಮೇಲೆ, ಹಸಿರಿಗೆ ಓಟ. ತಲೆ ಎತ್ತುವ ಕೆಲಸವೇ ಇಲ್ಲ. ಇಷ್ಟು ವರ್ಷ ಕಾದಿದ್ದು ಇದಕ್ಕೇ ಅಲ್ವಾ? ಆದರೆ ಹಸಿರು ಹತ್ತಿತು, ನಾನು ಕೂತೇ ಇದ್ದೆ. ಕಣ್ಣು ಅಭ್ಯಾಸ ಬಲದಿಂದ ಪಕ್ಕದವನ ಹಿಮ್ಮಡಿ ಹುಡುಕುತ್ತಿತ್ತು. ಆ ಚಟ ಬಿಡಿಸಿಕೊಳ್ಳಲು ಒಂದು ವರ್ಷ ಹಿಡಿಯಿತು. ಅಷ್ಟೇ ಅಲ್ಲ, ನನಗೆ ಕೈಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಅಲ್ಲಿದ್ದವರು ಊಟದ ಸಾಲಿನಲ್ಲಿ ಪಟಪಟ ಕೈಯಲ್ಲೇ ಜೋಕ್ ಹೊಡೆಯುತ್ತಿದ್ದರು, ನಾನು ಮತ್ತೆ ಸುಮ್ನೆ ಹಲ್ಲು ಕಿರಿಯುತ್ತಾ ನಿಂತೆ. ಕಾರ್ಬನ್ ಪೇಪರ್ ಹಿಡಿದವನು ಅಲ್ಲಿರಲಿಲ್ಲ.

ಕೆಲಸದ ಕಥೆ ಚಿಕ್ಕದು. ಮೊದಲು ಹೋದ ಕಡೆ ಫೋನ್ ಬಂದರೆ ಏನು ಮಾಡುತ್ತೀಯ ಎಂದು ಕೇಳಿ ಕಳಿಸಿದರು. ಒಂದು ಸಣ್ಣ ಆಫೀಸಿನವರು ಡ್ರಾಯಿಂಗ್ ನೋಡಿ ಸೇರಿಸಿಕೊಂಡರು, ಇಪ್ಪತ್ತು ವರ್ಷ ಅಲ್ಲೇ ಇದ್ದೆ. ಸೈಟಿನಲ್ಲಿ ಕಾಂಕ್ರೀಟ್ ಹಾಕುವ ದಿನ ನೋಡಬೇಕು, ಮಿಕ್ಸರ್, ವೈಬ್ರೇಟರ್ ಎಲ್ಲಾ ಒಟ್ಟಿಗೆ ಶುರುವಾದರೆ ಅಲ್ಲಿರುವವರೆಲ್ಲ ಕಿವುಡರೇ. ಕ್ರೇನಿನವನಿಗೆ ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಕೆಳಗೆ ಮಾಡಿ ತಿರುಗಿಸಿದರೆ ಇಳಿಸು. ಎರಡೂ ಕೈ ಅಗಲಿಸಿ ಬೀಸಿದರೆ ತಕ್ಷಣ ನಿಲ್ಲಿಸು. ಈ ಕೊನೆಯದನ್ನು ನೋಡಿದಾಗಲೆಲ್ಲ ನನಗೆ 300 ಮೀಟರ್ ಹತ್ತಿರ ಹಾರಿ ಬಂದವನ ನೆನಪು. ಭಯ ಇದ್ದಿದ್ದು ಹಿಂದಕ್ಕೆ ಬರುವ ಲಾರಿಗಳದ್ದು ಮಾತ್ರ. ಯಾವಾಗಲೂ ಕಂಬಕ್ಕೆ ಬೆನ್ನು ಕೊಟ್ಟೇ ನಿಲ್ಲುತ್ತಿದ್ದೆ. ಈಗ ಮೀಟಿಂಗ್ ಎಲ್ಲಾ ಆನ್‌ಲೈನ್, ಅರ್ಧ ಜನ ಕ್ಯಾಮೆರಾ ಆಫ್ ಮಾಡಿ ಕೂರುತ್ತಾರೆ. ಮತ್ತೆ ಅದೇ ಬೋರ್ಡು, ಅದೇ ಬೆನ್ನು.

ಮೊನ್ನೆ ಹಳೇ ಟ್ರಂಕ್ ತೆಗೆದಾಗ ಆ ನೀಲಿ ಹಾಳೆಗಳು ಸಿಕ್ಕವು. ಅಕ್ಷರ ಮಾಸಿದೆ, ಬೆರಳಿಗೆ ಈಗಲೂ ಸ್ವಲ್ಪ ಬಣ್ಣ ಅಂಟುತ್ತೆ. ಕೊನೆಯ ಸೆಮಿಸ್ಟರಿನ ಒಂದು ಪುಟದ ಮೂಲೆಯಲ್ಲಿ ಬರೆದಿದ್ದಾನೆ: 'ಸರ್ ಈಗ ನಿನ್ನ ಬಗ್ಗೆ ಏನೋ ಹೇಳಿದರು. ಕ್ಲಾಸ್ ಪೂರ್ತಿ ತಿರುಗಿ ನಿನ್ನನ್ನು ನೋಡಿತು. ಆಮೇಲೆ ಹೇಳ್ತೀನಿ.' ಅವನು ಹೇಳಲಿಲ್ಲ, ನನಗೂ ಕೇಳಲು ಮರೆತುಹೋಗಿತ್ತು. ಮಾರಾಯ, ಈ ಸಂಚಿಕೆ ನಿನ್ನ ಕೈಗೂ ಬರುತ್ತೆ. ಏನು ಹೇಳಿದರು ಅಂತ ಒಂದು ಮೆಸೇಜ್ ಹಾಕು.