ಕೊಡಗಿನವರು ಸಿನಿಮಾ ಎಲ್ಲಿ ನೋಡ್ತಿದ್ರು?

ಊರು ಮಡಿಕೇರಿ ಹತ್ತಿರ ಅಂದ ಕೂಡಲೇ ಮೊದಲು ಹೋಂಸ್ಟೇ ವಿಚಾರ ಬರುತ್ತದೆ. ಅದು ಮುಗಿದ ಮೇಲೆ ಈ ಪ್ರಶ್ನೆ. "ಪ್ರೇಮಾ ನಿಮ್ಮೋರು, ರಶ್ಮಿಕಾ ಮಂದಣ್ಣ ನಿಮ್ಮೋರು, ಶೂಟಿಂಗ್ ಬೇರೆ ನಡೀತಾನೇ ಇರುತ್ತೆ. ಆದ್ರೆ ಅಲ್ಲಿ ಥಿಯೇಟರೇ ಕಣ್ಣಿಗೆ ಬೀಳಲ್ವಲ್ಲ, ಚಿಕ್ಕವರಿದ್ದಾಗ ಸಿನಿಮಾ ಎಲ್ಲಿ ನೋಡ್ತಿದ್ರಿ?"

ಥಿಯೇಟರಲ್ಲೇ ನೋಡ್ತಿದ್ವಿ. ಆದರೆ ಸಂತೆ ದಿನ ಮಾತ್ರ, ಮ್ಯಾಟಿನಿ ಮಾತ್ರ, ಅದೂ ಪೂರ್ತಿ ಅಲ್ಲ.

ನಮ್ಮ ಮನೆ ಮೂರ್ನಾಡು ಕಡೆ, ರಸ್ತೆಯಿಂದ ಒಳಗೆ, ತೋಟದ ನಡುವೆ. ಪಕ್ಕದ ಮನೆ ಅಂತ ಹೇಳ್ತೀವಲ್ಲ, ಅದು ನಮಗೆ ಕಾಣುತ್ತಲೇ ಇರಲಿಲ್ಲ. ಇಡೀ ಜಿಲ್ಲೆಯೇ ಹೀಗೆ, ಮನೆಗಳೆಲ್ಲ ತೋಟ, ಗದ್ದೆ ಅಂತ ಚೆಲ್ಲಾಪಿಲ್ಲಿ. 2011ರ ಜನಗಣತಿಯಲ್ಲೂ ಕೊಡಗಿನ ಒಟ್ಟು ಜನ ಐದೂವರೆ ಲಕ್ಷ ಅಷ್ಟೇ, ಚದರ ಕಿಲೋಮೀಟರಿಗೆ 135 ಮಂದಿ, ರಾಜ್ಯದಲ್ಲೇ ಅತಿ ಕಡಿಮೆ. ಬೇರೆ ಊರಲ್ಲಿ ರಾತ್ರಿ ಊಟ ಮಾಡಿ ಸೆಕೆಂಡ್ ಷೋಗೆ ನಡೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಕತ್ತಲಾದ ಮೇಲೆ ತೋಟದ ದಾರಿಗೆ ಇಳಿಯುವವರು ಯಾರು? ಹಾಗಾಗಿ ಟಾಕೀಸಿಗೆ ನಾಲ್ಕು ಕಾಸು ಕಾಣುತ್ತಿದ್ದದ್ದು ಸುತ್ತಲಿನ ಹಳ್ಳಿಗಳೆಲ್ಲ ಪೇಟೆಗೆ ಬರುವ ದಿನ. ಮಡಿಕೇರಿ ಸಂತೆ ಶುಕ್ರವಾರ. ಸಿನಿಮಾ ಬದಲಾಗುತ್ತಿದ್ದದ್ದೂ ಶುಕ್ರವಾರ. ನಮಗೆ ಶಾಲೆ ಇರುತ್ತಿತ್ತು, ಅದೊಂದೇ ತೊಂದರೆ. ದಸರಾ ರಜೆ, ಬೇಸಿಗೆ ರಜೆ, ಇಲ್ಲವೇ ಜೋರು ಮಳೆಗೆ ಡಿಸಿ ಸಾಹೇಬರು ಕೊಡುವ ಮಳೆ ರಜೆ, ಇವುಗಳಲ್ಲಿ ಬರುವ ಶುಕ್ರವಾರಗಳು ಮಾತ್ರ ನಮ್ಮವು.

ಟಾಕೀಸಿನ ಕತೆ ಹೇಳಬೇಕಾದರೆ ಮೊದಲು ಅಂಗಡಿ ಕತೆ ಹೇಳಬೇಕು. ಮಡಿಕೇರಿಯ ಮಹದೇವಪೇಟೆಯಲ್ಲಿ ನಾವು ಸಾಮಾನು ತರುತ್ತಿದ್ದದ್ದು ಕಾಕಾನ ಅಂಗಡಿಯಿಂದ. ದಕ್ಷಿಣ ಕನ್ನಡದ ಕಡೆಯಿಂದ ಬಂದು ನೆಲೆ ನಿಂತ ಬ್ಯಾರಿಗಳು, ಕೇರಳದಿಂದ ಬಂದ ಮಾಪಿಳ್ಳೆಗಳು ಯಾರೇ ಇರಲಿ, ಮಕ್ಕಳಿಗೆಲ್ಲ ಅವರು ಕಾಕಾನೇ. ಬೆಲ್ಲ, ಉಪ್ಪು, ಒಣಮೀನು, ಸೀಮೆಎಣ್ಣೆ, ಟಾರ್ಚಿನ ಸೆಲ್ಲು, ಎಲ್ಲ ಒಂದೇ ಕಡೆ, ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಒಣಮೀನಿನ ವಾಸನೆ. ದುಡ್ಡು ಕೊಡುವ ಪದ್ಧತಿ ಕಡಿಮೆ, ಲೆಕ್ಕದ ಪುಸ್ತಕದಲ್ಲಿ ಬರೆಸುವುದೇ ಜಾಸ್ತಿ. ಆಗ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿಗೇ ಹಾಕಬೇಕಿತ್ತು, ಅದರ ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಕಂತು ಬಂದಾಗ ಅಪ್ಪ ಹೋಗಿ ಒಂದಷ್ಟು ಕಟ್ಟುತ್ತಿದ್ದರು. 1990ರ ದಶಕದಲ್ಲಿ ಆ ಪದ್ಧತಿ ಹೋಯಿತು, ಆಮೇಲೆ ಯಾರು ಬೇಕಾದರೂ ಕಾಫಿ ಕೊಳ್ಳುವ ಹಾಗಾಯಿತು.

ಕೈಯಲ್ಲಿ ದುಡ್ಡೇ ಆಡದ ಮನೆಯಲ್ಲಿ ಮಕ್ಕಳಿಗೆ ಟಿಕೆಟಿಗೆ ಯಾರು ಕೊಡುತ್ತಾರೆ? ಅಲ್ಲಿ ಕಾಕಾನ ಅಂಗಡಿ ಕೆಲಸಕ್ಕೆ ಬಂತು. ಟಾಕೀಸಿನವರು ಪೋಸ್ಟರ್ ಅಂಟಿಸಿದ ಒಂದು ತಗಡಿನ ಬೋರ್ಡನ್ನು ಅಂಗಡಿ ಮುಂದೆ ಒರಗಿಸಿ ಹೋಗುತ್ತಿದ್ದರು. ಜಾಗ ಕೊಟ್ಟದ್ದಕ್ಕೆ ಬಾಡಿಗೆ ಇಲ್ಲ, ಬದಲಿಗೆ ಪಾಸು. ತೆಳು ಗುಲಾಬಿ ಚೀಟಿ, ಮೇಲೊಂದು ನೀಲಿ ಸೀಲು, ಸೀಲು ಯಾವಾಗಲೂ ಅರ್ಧ ಚೀಟಿಯಿಂದ ಹೊರಗೆ. ಕಾಕಾ ಸಿನಿಮಾಕ್ಕೆ ಹೋಗುವವರಲ್ಲ. ಸಂತೆ ದಿನ ಅಂಗಡಿ ಬಿಟ್ಟು ಹೋಗುವುದಾದರೂ ಹೇಗೆ? ಪುಸ್ತಕದ ನಡುವೆ ಇಟ್ಟುಕೊಂಡಿರುತ್ತಿದ್ದರು, ಲೆಕ್ಕದ ಗಿರಾಕಿಗಳ ಮಕ್ಕಳು ಬಂದರೆ ಕೊಡುತ್ತಿದ್ದರು. "ಮೋನೇ, ಲೆಕ್ಕ ಸ್ವಲ್ಪ ಜಾಸ್ತಿ ಆಯ್ತು ಅಂತ ಅಪ್ಪನಿಗೆ ಹೇಳು. ಇದು ತಗೋ." ವಸೂಲಿ ಮಾಡುವುದಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನಾನು ಇವತ್ತಿನವರೆಗೂ ನೋಡಿಲ್ಲ. ಮನೆಗೆ ಹೋಗಿ ಆ ಮಾತನ್ನು ತಪ್ಪದೆ ಮುಟ್ಟಿಸುತ್ತಿದ್ದೆವು, ಇಲ್ಲದಿದ್ದರೆ ಮುಂದಿನ ಪಾಸು ಇಲ್ಲವಲ್ಲ!

ಟಾಕೀಸಿನ ಎದುರು ಕಡ್ಲೆ, ಬಟಾಣಿ, ಜೊತೆಗೆ ಹಾಡಿನ ಪುಸ್ತಕ. ಕೆಟ್ಟ ಕಾಗದದ ನಾಲ್ಕೈದು ಹಾಳೆ. ಮೊದಲ ಪುಟದಲ್ಲಿ ಅರ್ಧ ಕತೆ ಹೇಳಿ, "ಮುಂದಿನದನ್ನು ಬೆಳ್ಳಿ ಪರದೆಯ ಮೇಲೆ ನೋಡಿ ಆನಂದಿಸಿ" ಅಂತ ನಿಲ್ಲಿಸಿರುತ್ತಿದ್ದರು.

ಒಳಗೆ ಹೋದರೆ ಕೊಡಗು ಬಿಡುತ್ತದಾ? ಮೇಲೆ ತಗಡಿನ ಶೀಟು. ಜುಲೈ ತಿಂಗಳಲ್ಲಿ ಒಂದು ಮಳೆ ಹೊಡೆಯಿತು ಅಂದರೆ ಡೈಲಾಗ್ ಮುಗಿಯಿತು. ಹೀರೋ ಬಾಯಿ ಆಡಿಸುತ್ತಿದ್ದಾನೆ, ಕೇಳುವುದು ಶೀಟಿನ ಸದ್ದು. ಮೊದಲೇ ನೋಡಿದವರು ಯಾರಾದರೂ ಗಟ್ಟಿಯಾಗಿ ಹೇಳಬೇಕು, ಹೇಳುತ್ತಲೂ ಇದ್ದರು. ಕಾಲ ಕೆಳಗೆ ಕೊಡೆಗಳ ನೀರು ಇಳಿಜಾರಿನಲ್ಲಿ ಹರಿದು ಮುಂದಿನ ಬೆಂಚಿನವರ ಹತ್ತಿರ ನಿಲ್ಲುತ್ತಿತ್ತು, ಹಾಗಾಗಿ ಗಾಂಧಿ ಕ್ಲಾಸಿನವರೆಲ್ಲ ಕಾಲು ಮೇಲಿಟ್ಟೇ ಕೂರಬೇಕು. ಯಾರೋ ಬಾಗಿಲು ತೆಗೆದರೆ ಮಂಜು ಒಳಗೆ ಬಂದು ಬೀಡಿ ಹೊಗೆ ಜೊತೆ ಸೇರಿ ಪ್ರೊಜೆಕ್ಟರಿನ ಬೆಳಕಲ್ಲಿ ತೇಲುತ್ತಿತ್ತು. ಇಂಟರ್ವಲ್ಲಿಗೆ ದೀಪ ಹಾಕಿದಾಗ ಮೊದಲ ಕೆಲಸ ಕಾಲು ನೋಡಿಕೊಳ್ಳುವುದು. ತೋಟದಿಂದ ಹತ್ತಿದ ಜಿಗಣೆ ಫಸ್ಟ್ ಹಾಫ್ ಪೂರ್ತಿ ಕುಡಿದು ದಪ್ಪಗಾಗಿ ಚಪ್ಪಲಿ ಪಕ್ಕ ಬಿದ್ದಿರುತ್ತಿತ್ತು. ಪಕ್ಕದವರು ಅಂಗಡಿಯಿಂದ ತಂದ ಉಪ್ಪಿನ ಪೊಟ್ಟಣದಿಂದ ಒಂದು ಚಿಟಿಕೆ ಕೊಡುವರು. ಸಂತೆ ಚೀಲ ಎಲ್ಲರ ಕಾಲ ಬಳಿಯೇ ಇರುತ್ತಿತ್ತಲ್ಲ.

ಸಿನಿಮಾಗಳು ಹೊಸವೇನಲ್ಲ. ಆಗ ಪ್ರಿಂಟುಗಳು ಬೆರಳೆಣಿಕೆಯಷ್ಟು, ಬೆಂಗಳೂರು, ಮೈಸೂರಲ್ಲಿ ಓಡಿ ಮುಗಿದು, ಗೀರು ಬಿದ್ದ ಮೇಲೆ ನಮ್ಮ ಕಡೆ ಬರುತ್ತಿದ್ದವು. ಎರಡೂವರೆ ಗಂಟೆ ಸಿನಿಮಾ ಅಂದರೆ ಹನ್ನೆರಡಕ್ಕೂ ಹೆಚ್ಚು ರೀಲು, ತಗಡಿನ ಪೆಟ್ಟಿಗೆಯಲ್ಲಿ ಬಸ್ಸಿನ ಟಾಪ್ ಮೇಲೆ. ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತರೆ ಸಿನಿಮಾನೂ ಅಲ್ಲೇ. ಸಂತೆಗೆ ಬಂದವರು ಕೇಳುತ್ತಿದ್ದದ್ದು "ಯಾವ ಸಿನಿಮಾ" ಅಂತಲ್ಲ, "ಪೆಟ್ಟಿಗೆ ಬಂತಾ" ಅಂತ.

ಇನ್ನು ಪೂರ್ತಿ ನೋಡುತ್ತಿರಲಿಲ್ಲ ಅಂದೆನಲ್ಲ. ಕರೆಂಟ್ ಹೋಗಿ ಬಂದು ಷೋ ತಡವಾಗುತ್ತಿತ್ತು, ನಮ್ಮ ಕಡೆಯ ಬಸ್ಸು ಕಾಯುತ್ತಿರಲಿಲ್ಲ. ಕ್ಲೈಮ್ಯಾಕ್ಸ್ ಶುರುವಾಗುವ ಹೊತ್ತಿಗೆ ಮೂರ್ನಾಡು, ನಾಪೋಕ್ಲು ಕಡೆಯವರು ಒಬ್ಬೊಬ್ಬರಾಗಿ ಚೀಲ ಎತ್ತಿಕೊಂಡು ಏಳುತ್ತಿದ್ದರು. ಪೇಟೆಯ ಹುಡುಗರು "ಕೂತ್ಕೊಳ್ರೋ" ಅಂತ ಕೂಗುವರು. ಬಸ್ಸಲ್ಲಿ ನಾವೇ ಒಂದು ಕೊನೆ ಮಾಡಿಕೊಳ್ಳುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ದೂರದರ್ಶನದಲ್ಲಿ ಭಾನುವಾರ ಅದೇ ಸಿನಿಮಾ ಬಂದಾಗ ನೋಡಿದರೆ ನಮ್ಮ ಕೊನೆಯೇ ಚೆನ್ನಾಗಿತ್ತು, ಸುಮ್ನೆ ಹೇಳ್ತಿಲ್ಲ.

ಈಗ ನಮ್ಮ ಕಡೆಯವರು ಹೊಸ ಸಿನಿಮಾಕ್ಕೆ ಕಾರು ಹತ್ತಿ ಮೈಸೂರಿಗೆ ಹೋಗುತ್ತಾರೆ, ಇಲ್ಲಾಂದ್ರೆ ಮೊಬೈಲಲ್ಲೇ ನೋಡುತ್ತಾರೆ. ಟಿವಿ ಬಂದು ಟಾಕೀಸು ಹಾಳಾಯಿತು ಅಂತ ಎಲ್ಲರೂ ಹೇಳುವುದುಂಟು. ಟಿವಿ ಎಲ್ಲ ಊರಿಗೂ ಬಂದಿತ್ತಲ್ವಾ? ನಮ್ಮ ಕಡೆ ಕಾಫಿ ದುಡ್ಡು ಕೈಗೆ ಬೇಗ ಬಂತು, ಮನೆ ಮನೆಗೆ ಜೀಪು, ಬೈಕು ಬಂತು, ಸಾಮಾನಿಗೆ ಶುಕ್ರವಾರದವರೆಗೆ ಕಾಯುವುದು ತಪ್ಪಿತು. ವಾರಕ್ಕೊಂದು ದಿನ ಇಡೀ ದಿನ ಪೇಟೆಯಲ್ಲಿ ಕಳೆಯುವ ಜನ ಇದ್ದರೆ ತಾನೇ ಮ್ಯಾಟಿನಿ? ಒಂದು ಒಳ್ಳೆ ಥಿಯೇಟರ್ ಕಟ್ಟಿದರೆ ಓಡುತ್ತೆ ಅಂತ ಪ್ರವಾಸಿಗಳನ್ನು ನಂಬಿ ಹೇಳುವವರು ಇದ್ದಾರೆ. ಅಬ್ಬಿ ಜಲಪಾತ ನೋಡಲು ಬಂದವರು ಕತ್ತಲ ಕೋಣೆಯಲ್ಲಿ ಯಾಕೆ ಕೂರುತ್ತಾರೆ ಅಂತ ನನಗಂತೂ ಅರ್ಥ ಆಗಿಲ್ಲ. ಸೋಮವಾರದ ಮ್ಯಾಟಿನಿಗೆ ಯಾರು ಬರುತ್ತಾರೆ ಅನ್ನುವುದನ್ನು ಅವರು ಮೊದಲು ಹೇಳಲಿ.