ಈ ವಾರದ ಶಿಫಾರಸು: ಬೇಗೂರಿನ ಕಲ್ಲು, ವಚನಗಳ ಹುಡುಕಾಟ, ನಾಟಕದ ಸಂಜೆ

ವಾರಕ್ಕೊಮ್ಮೆ ನಾನು ಓದಿದ್ದರಲ್ಲಿ, ಕೇಳಿದ್ದರಲ್ಲಿ, ನೋಡಿದ್ದರಲ್ಲಿ ಇತರರಿಗೂ ಹಿಡಿಸಬಹುದೆಂದು ತೋರಿದ್ದನ್ನು ಹಂಚಿಕೊಳ್ಳುವುದು ನನಗೆ ಬಹಳ ಪ್ರೀತಿಯ ಕೆಲಸ. ಆಯ್ಕೆಗೆ ಇರುವುದು ಒಂದೇ ಅಳತೆಗೋಲು. ಅಂತರ್ಜಾಲದಲ್ಲಿ ಸಿಕ್ಕಿದ್ದು ನನ್ನನ್ನು ಮನೆಯಿಂದ ಎಬ್ಬಿಸಿ ನಮ್ಮ ಬೆಂಗಳೂರಿನ ಯಾವುದಾದರೂ ಜಾಗಕ್ಕೆ ಕರೆದೊಯ್ಯಬೇಕು, ಇಲ್ಲವೇ ಊರಿನಲ್ಲಿ ಕಂಡದ್ದು ಮತ್ತೆ ಪರದೆಯ ಮುಂದೆ ಕೂತು ಇನ್ನಷ್ಟು ಓದುವಂತೆ ಮಾಡಬೇಕು. ಎಷ್ಟು ಜನ ನೋಡಿದ್ದಾರೆ, ಎಷ್ಟು ಜನ ಮೆಚ್ಚಿದ್ದಾರೆ ಎಂಬ ಲೆಕ್ಕವನ್ನು ನಾನು ಗಣಿಸುವುದಿಲ್ಲ. ಆ ಲೆಕ್ಕ ಹಿಡಿದು ಹೊರಟರೆ ಎಲ್ಲರಿಗೂ ಈಗಾಗಲೇ ತಲುಪಿರುವುದನ್ನೇ ಮತ್ತೊಮ್ಮೆ ತಲುಪಿಸಿದಂತಾಗುತ್ತದೆ.

ಈ ವಾರದ ಬಹುಪಾಲು ಹೊತ್ತನ್ನು ಕಲ್ಲುಗಳೇ ತೆಗೆದುಕೊಂಡವು. 1909ರಲ್ಲಿ ಆರಂಭವಾಗಿ ನೃಪತುಂಗ ರಸ್ತೆಯಲ್ಲಿ ನೆಲೆಸಿರುವ ಇತಿಹಾಸ ಅಧ್ಯಯನದ ಸಂಸ್ಥೆ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಮತ್ತು ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಆ ಮಾದರಿಗಳನ್ನು ಅಂತರ್ಜಾಲದಲ್ಲಿ ಆಸಕ್ತರಿಗೆ ತೆರೆದಿಡುವ ಕೆಲಸ ಮಾಡುತ್ತಿದೆ. ಹಿಂದೆ ಶಾಸನವನ್ನು ಓದಬೇಕೆಂದರೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಅದು ಈಗಲೂ ನಡೆಯುವ, ಗೌರವಕ್ಕೆ ಅರ್ಹವಾದ ವಿಧಾನ. ಆದರೆ ನಮ್ಮ ಊರಿನ ಶಾಸನಗಳು ಹೆಚ್ಚಾಗಿ ಬಯಲಿನಲ್ಲೇ ಬಿಸಿಲುಮಳೆಗೆ ಒಡ್ಡಿಕೊಂಡು ನಿಂತವು. ಎಷ್ಟೋ ಕಲ್ಲುಗಳಿಗೆ ಪೂಜೆಯ ಎಣ್ಣೆ, ಸುಣ್ಣ, ಬಣ್ಣ ಮೆತ್ತಿ, ಅಕ್ಷರದ ಗೆರೆಗೂ ಕಲ್ಲಿನ ಸಹಜ ಗುಳಿಗೂ ವ್ಯತ್ಯಾಸವೇ ಕಾಣದಂತಾಗಿದೆ. ಸ್ಕ್ಯಾನರು ಮೇಲ್ಮೈಯ ತೀರಾ ಸಣ್ಣ ಏರಿಳಿತವನ್ನೂ ಅಳೆದಿಡುತ್ತದೆ. ಆ ಬಳಿಕ ಪರದೆಯ ಮೇಲೆ ಬಣ್ಣವನ್ನೆಲ್ಲ ತೆಗೆದುಹಾಕಿ, ಬೆಳಕನ್ನು ಬೇಕಾದ ಕಡೆಯಿಂದ ಓರೆಯಾಗಿ ಬೀಳಿಸಿದರೆ, ಕಲ್ಲಿನ ಎದುರು ನಿಂತಾಗ ಕಾಣದ ಒತ್ತಕ್ಷರವೂ ಎದ್ದುಬರುತ್ತದೆ. ಮಾದರಿಯೊಂದನ್ನು ಬೆರಳಿನಿಂದ ತಿರುಗಿಸುತ್ತಾ ಸಾಲು ಸಾಲಾಗಿ ಇಳಿಯುವುದು ಎಂಥ ಸಂತೋಷ ಕೊಡುತ್ತದೆಂಬುದನ್ನು ನೀವು ಮಾಡಿಯೇ ನೋಡಬೇಕು. ಹಳೆಗನ್ನಡ ಬಾರದವರೂ ಅಲ್ಲೊಂದು ಇಲ್ಲೊಂದು ಅಕ್ಷರವನ್ನು ಗುರುತಿಸಬಲ್ಲರು.

ಮಾದರಿಗಳನ್ನು ನೋಡಿದ ಮೇಲೆ ಬೇಗೂರಿಗೆ ಹೋಗದೆ ಇರಬೇಡಿ. ಹೊಸೂರು ರಸ್ತೆಯಿಂದ ಒಳಗೆ ತಿರುಗಿದರೆ ಕೆರೆಯ ಸಮೀಪ ಗಂಗರ ಕಾಲದ ನಾಗೇಶ್ವರ ದೇವಾಲಯವಿದೆ. ಅಲ್ಲಿ ಐದು ಲಿಂಗಗಳಿರುವುದರಿಂದ ಪಂಚಲಿಂಗೇಶ್ವರ ಎಂದೂ ಕರೆಯುತ್ತಾರೆ. ಆವರಣದಲ್ಲಿರುವ ವೀರಗಲ್ಲೊಂದು ಸುಮಾರು ಕ್ರಿ.ಶ. 890ರದು. ಬೆಂಗುಳೂರಿನ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಮಡಿದ ಸಂಗತಿಯನ್ನು ಅದು ಹೇಳುತ್ತದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರು ಶತಮಾನಗಳಿಗೂ ಹಿಂದೆ ಈ ಹೆಸರಿನ ಊರೊಂದಿತ್ತು, ಅಲ್ಲಿ ಹೊಡೆದಾಟ ನಡೆದು ಜನ ಸತ್ತಿದ್ದರು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ. ನಮ್ಮ ಊರಿನ ಇತಿಹಾಸ ಪೇಟೆಯಿಂದಲೇ ಆರಂಭವಾಗುತ್ತದೆಂದು ನಂಬಿರುವ ಮಕ್ಕಳನ್ನು ಒಮ್ಮೆ ಇಲ್ಲಿಗೆ ಕರೆತರಬೇಕು. ಬೇಗೂರಿನದೇ ಮತ್ತೊಂದು ದೊಡ್ಡ ವೀರಗಲ್ಲು, ಆನೆ ಕುದುರೆಗಳ ಯುದ್ಧದ ಕೆತ್ತನೆಯುಳ್ಳದ್ದು, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ದೇವಾಲಯಕ್ಕೆ ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಜನ ಕಡಿಮೆ ಎನ್ನುವುದು ಒಂದು ಕಾರಣವಾದರೆ, ಓರೆಬಿಸಿಲಿನಲ್ಲಿ ಅಕ್ಷರ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎನ್ನುವುದು ಇನ್ನೊಂದು. ಪರದೆಯ ಮೇಲೆ ಬೆಳಕನ್ನು ಹೊರಳಿಸಿ ಕಲಿತದ್ದು ಇಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ.

ಉತ್ತರ ದಿಕ್ಕಿನವರಿಗೆ ಹೆಬ್ಬಾಳ ಹತ್ತಿರ. ಅಲ್ಲಿನ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಆಳ್ವಿಕೆಯದು, ಅಂದರೆ ಸುಮಾರು ಕ್ರಿ.ಶ. 750ರದು. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಬರಹಗಳ ಸಾಲಿಗೆ ಸೇರುವ ಈ ಕಲ್ಲು 2018ರಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಸಿಕ್ಕಿತು. ಹನ್ನೆರಡು ಶತಮಾನ ದಾಟಿ ಬಂದ ಕಲ್ಲೊಂದು ಒಂದು ಮಧ್ಯಾಹ್ನದ ಕಾಮಗಾರಿಯಲ್ಲಿ ಪುಡಿಯಾಗಿಬಿಡಬಹುದಿತ್ತು. ಊರಿನವರೂ ಆಸಕ್ತರೂ ಮುಂದೆ ಬಂದು ಅದನ್ನು ಉಳಿಸಿಕೊಂಡು, ಅದಕ್ಕೊಂದು ಮಂಟಪವನ್ನೂ ಕಟ್ಟಿಸಿದ್ದಾರೆ. ನಗರದಲ್ಲಿ ಇಂಥ ಕೆಲಸ ಮಾಡುವವರ ಬಗ್ಗೆ ನನಗಿರುವ ಕೃತಜ್ಞತೆ ದೊಡ್ಡದು.

ಇನ್ನೂ ಓದಬೇಕೆನ್ನುವವರಿಗೆ ಬಿ. ಎಲ್. ರೈಸ್ ಅವರು ಸಂಪಾದಿಸಿದ ಶಾಸನ ಸಂಗ್ರಹಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವಿದೆ. 1905ರಲ್ಲಿ ಪ್ರಕಟವಾದ ಈ ಸಂಪುಟ ಇಡೀ ಬೆಂಗಳೂರು ಜಿಲ್ಲೆಯದು, ಅಂತರ್ಜಾಲ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ನಿಮ್ಮ ಬಡಾವಣೆಯ ಹೆಸರನ್ನು ಹುಡುಕಿ ನೋಡಿ. ಇಂದು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ಎಷ್ಟೋ ಹಳ್ಳಿಗಳಿಗೆ ಅದರಲ್ಲಿ ಜಾಗವಿದೆ, ಮತ್ತು ಕನ್ನಡದ ಜೊತೆಗೆ ತಮಿಳು, ತೆಲುಗು ಶಾಸನಗಳೂ ಇರುವುದನ್ನು ಕಂಡರೆ ಈ ಊರು ಹಲವು ನುಡಿಗಳಿಗೆ ಎಷ್ಟು ಹಿಂದಿನಿಂದ ಮನೆಯಾಗಿದೆಯೆಂಬುದು ತಿಳಿಯುತ್ತದೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಗೋಡೆಗಳೇ ಅದಕ್ಕೆ ಉದಾಹರಣೆ. ಇದೇ ಆರ್ಕೈವ್‌ನಲ್ಲಿ ಸರ್ವೆಂಟ್ಸ್ ಆಫ್ ನಾಲೆಜ್ ಎಂಬ ಸಂಗ್ರಹದ ಹೆಸರಿನಲ್ಲಿ ಹುಡುಕಿದರೆ, ಅಂಗಡಿಗಳಲ್ಲಿ ಈಗ ಸಿಗದ ಬಹಳಷ್ಟು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳೂ ಓದಲು ಸಿಗುತ್ತವೆ.

ಕಲ್ಲಿನಿಂದ ತಾಳೆಗರಿಗೆ ದಾಟೋಣ. ವಚನ ಸಂಚಯ ಎಂಬ ಜಾಲತಾಣವನ್ನು ನಾನು ಹಿಂದೆಯೂ ಹೊಗಳಿದ್ದೇನೆ. ಈ ವಾರ ಅದನ್ನು ಬಳಸಿದ ರೀತಿ ಬೇರೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದವನ್ನು ಕೊಟ್ಟು, ಅದು ಎಲ್ಲೆಲ್ಲಿ ಬಂದಿದೆಯೆಂಬುದನ್ನು ಅಲ್ಲಿ ನೋಡಬಹುದು. ನಾವು ಸಾಮಾನ್ಯವಾಗಿ ಬಸವಣ್ಣ, ಅಕ್ಕ, ಅಲ್ಲಮರ ಪ್ರಸಿದ್ಧ ವಚನಗಳ ಹತ್ತಿರವೇ ಸುತ್ತುತ್ತೇವೆ. ಅದರ ಬದಲು ಹಗ್ಗ, ದೋಣಿ, ಅಕ್ಕಿ, ಮಗ್ಗ ಇಂಥ ಕೆಲಸದ ಪದಗಳನ್ನು ಹಿಡಿದು ಹೊರಡಿ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ಅಕ್ಕಿ ಆಯುತ್ತಿದ್ದ ಮಾರಯ್ಯನ ಮಡದಿ ಲಕ್ಕಮ್ಮ ಇವರೆಲ್ಲ ತಮ್ಮ ದಿನದ ದುಡಿಮೆಯನ್ನೇ ಹಿಡಿದು ಬದುಕಿನ ದೊಡ್ಡ ಮಾತುಗಳನ್ನಾಡಿದವರು. ಪಠ್ಯಪುಸ್ತಕದ ಕ್ರಮದಲ್ಲಿ ಓದಿದಾಗ ಸಿಗದ ಬಳಗವೊಂದು ಹೀಗೆ ಓದಿದಾಗ ಜೊತೆಗೂಡುತ್ತದೆ, ಒಬ್ಬರಿಗೊಬ್ಬರು ಮಾತಿಗೆ ಸಿಕ್ಕಂತೆ ತೋರುತ್ತದೆ. ತಿಳಿಯದ ಪದ ಬಂದರೆ ಪಕ್ಕದಲ್ಲಿ ಅಲರ್ ನಿಘಂಟನ್ನು ತೆರೆದಿಟ್ಟುಕೊಳ್ಳಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಈ ಕನ್ನಡ–ಇಂಗ್ಲಿಷ್ ಪದಕೋಶದಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. 2019ರಲ್ಲಿ ಅದು ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಯಡಿ ಹೊರಬಂದಿತು. ಒಬ್ಬ ಮನುಷ್ಯನ ಇಡೀ ಶ್ರಮ ಹೀಗೆ ಎಲ್ಲರ ಸ್ವತ್ತಾಗುವುದು ಅಪರೂಪ.

ಕೇಳುವುದಕ್ಕೆ ಈ ವಾರವೂ ಆಕಾಶವಾಣಿಯ ಅಮೃತವರ್ಷಿಣಿಯನ್ನೇ ಹೇಳುತ್ತೇನೆ, 100.1 ಎಫ್‌ಎಂ. ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತಗಳೆರಡನ್ನೂ ಬಿತ್ತರಿಸುವ ವಾಹಿನಿಯಿದು. ರೇಡಿಯೊ ಇಲ್ಲದವರಿಗೆ ಆಕಾಶವಾಣಿಯ ಆ್ಯಪ್ ಇದೆ. ಯಾವುದನ್ನು ಕೇಳಬೇಕೆಂದು ಆರಿಸುವ ಹೊಣೆ ನಮ್ಮ ಮೇಲಿಲ್ಲದಿರುವುದೇ ಅದರ ದೊಡ್ಡ ಗುಣ.

ಸಂಜೆ ಬಿಡುವಿದ್ದರೆ ಜೆ. ಪಿ. ನಗರದ ರಂಗಶಂಕರಕ್ಕೆ ಹೋಗಿ. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರು ಮುಂದೆ ನಿಂತು ಕಟ್ಟಿಸಿದ, 2004ರಲ್ಲಿ ಬಾಗಿಲು ತೆರೆದ ರಂಗಮಂದಿರವಿದು. ಸೋಮವಾರ ರಜೆ, ಉಳಿದಂತೆ ದಿನಕ್ಕೊಂದು ನಾಟಕ ಎನ್ನುವುದು ಅದರ ಸಂಕಲ್ಪ. ಇಂಥದೇ ನಾಟಕ ನೋಡಿ ಎಂದು ನಾನು ಈ ಬಾರಿ ಹೇಳುತ್ತಿಲ್ಲ. ಪರಿಚಿತ ತಂಡವನ್ನು ಬಿಟ್ಟು, ಹೆಸರೇ ಕೇಳದ ತಂಡವೊಂದರ ಕನ್ನಡ ನಾಟಕಕ್ಕೆ ಟಿಕೆಟ್ ತೆಗೆದುಕೊಳ್ಳಿ. ಹೊಸಬರಿಗೆ ತುಂಬಿದ ಸಭಾಂಗಣಕ್ಕಿಂತ ದೊಡ್ಡ ಪ್ರೋತ್ಸಾಹ ಬೇರೊಂದಿಲ್ಲ. ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂಬ ನಿಯಮವನ್ನು ಅವರು ನಿಷ್ಠುರವಾಗಿ ಪಾಲಿಸುತ್ತಾರೆ, ಆದ್ದರಿಂದ ಬನಶಂಕರಿ ಕಡೆಯ ಸಂಜೆಯ ವಾಹನದಟ್ಟಣೆಯನ್ನು ಲೆಕ್ಕಕ್ಕೆ ಹಿಡಿದು, ಸಾಧ್ಯವಾದರೆ ಮೆಟ್ರೊದಲ್ಲಿ, ಅರ್ಧ ಗಂಟೆ ಮೊದಲೇ ಅಲ್ಲಿರಿ.