ಒಂದು ದಿನಕ್ಕೆ ಒಂದು ಸೆಕೆಂಡು

ಹಾಸನಾಂಬೆಯ ಬಾಗಿಲು 2024ರಲ್ಲಿ ನವೆಂಬರ್ 3ಕ್ಕೆ ಹಾಕಿದರು. ಮತ್ತೆ ತೆಗೆದದ್ದು 2025ರ ಅಕ್ಟೋಬರ್ 9ಕ್ಕೆ. ನಡುವೆ 340 ದಿನ. ನಮ್ಮ ಮನೆಯಲ್ಲಿ ಏನೇನು ಆಯಿತೋ ಎಲ್ಲವೂ ಆ 340 ದಿನದಲ್ಲೇ ಆಯಿತು, ತಾಯಿ ಬಾಗಿಲು ಹಾಕಿಕೊಂಡು ಒಳಗಿದ್ದಾಗ.

ಹಾಸನದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಒಂದು ಮಾತು. ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಈ ಗುಡಿಯ ಬಾಗಿಲು ತೆಗೆಯುತ್ತಾರೆ. ಮೊದಲು ಬಾಳೆಕಂದು ಕಡಿಯುತ್ತಾರೆ, ಆಮೇಲೆ ಬೀಗ. ಬಲಿಪಾಡ್ಯಮಿಯ ಮಾರನೇ ದಿನ ಮತ್ತೆ ಮುಚ್ಚಿಬಿಡುತ್ತಾರೆ. ಒಳಗೆ ಕೆತ್ತಿದ ಮೂರ್ತಿ ಇಲ್ಲ, ತಾಯಿ ಹುತ್ತದ ರೂಪದಲ್ಲಿದ್ದಾಳೆ. ಸಪ್ತಮಾತೃಕೆಯರು ಕಾಶಿಯಿಂದ ದಕ್ಷಿಣಕ್ಕೆ ಬಂದವರು ಈ ಜಾಗ ಮೆಚ್ಚಿ ನಿಂತರು ಎಂದು ಸ್ಥಳಪುರಾಣ. ವೈಷ್ಣವಿ, ಕೌಮಾರಿ, ಮಾಹೇಶ್ವರಿ ಇಲ್ಲೇ ನೆಲೆಸಿದರು. ಬ್ರಾಹ್ಮಿ ಕೆಂಚಮ್ಮನ ಹೊಸಕೋಟೆಗೆ ಹೋದಳು. ಉಳಿದ ಮೂವರು ದೇವಿಗೆರೆಯಲ್ಲಿ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯುವಾಗಲೂ ಉರಿಯುತ್ತಿರುತ್ತದೆ, ಮುಡಿಸಿದ ಹೂವು ಬಾಡಿರುವುದಿಲ್ಲ ಅನ್ನುವುದು ನಮ್ಮ ಜನರ ನಂಬಿಕೆ.

ನಾನು ಫೋಟೋಗ್ರಾಫರ್. ಮದುವೆ, ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜು, ಎಲ್ಲ ಉಂಟು. ಅದಕ್ಕೇ ಇರಬೇಕು, ಈ ದೀಪದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನ ಕಡೆ ತಿರುಗುತ್ತಾರೆ. "ಒಳಗೊಂದು ಕ್ಯಾಮೆರಾ ಇಟ್ಟುಬಿಟ್ಟರೆ ಗೊತ್ತಾಗಲ್ವಾ?" ಗೊತ್ತಾಗುತ್ತೆ. ಟೈಮ್‌ಲ್ಯಾಪ್ಸ್ ಅಂತ ಇದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಗಂಟೆಗೆ ಒಂದು ಫೋಟೋ ತಾನೇ ತೆಗೆಯುವ ಹಾಗೆ ಮಾಡಿದರೆ ಆಯಿತು. ಹಾಗೆ ತೆಗೆದದ್ದನ್ನು ಸಿನಿಮಾದ ಲೆಕ್ಕಕ್ಕೆ, ಅಂದರೆ ಸೆಕೆಂಡಿಗೆ 24 ಫ್ರೇಮಿನ ಹಾಗೆ ಓಡಿಸಿದರೆ, ಒಂದು ದಿನ ಒಂದು ಸೆಕೆಂಡಾಗುತ್ತದೆ. 340 ದಿನಕ್ಕೆ 8,160 ಫ್ರೇಮು. ಓಡುವುದು 5 ನಿಮಿಷ 40 ಸೆಕೆಂಡು, ಅಷ್ಟೇ.

ಈ ಲೆಕ್ಕವನ್ನು ನಾನು ಮೊದಲು ಸುಮ್ನೆ ಮಾತಿಗೆ ಹಾಕಿದ್ದು. ಈ ವರ್ಷ ಅದು ತಲೆಯಿಂದ ಹೋಗಲೇ ಇಲ್ಲ.

2024ರಲ್ಲಿ ಅಮ್ಮ ನಮ್ಮ ಜೊತೆ ಬಂದಿದ್ದರು. ಧರ್ಮದರ್ಶನದ ಸಾಲು. 300 ರೂಪಾಯಿ, 1000 ರೂಪಾಯಿ ಟಿಕೆಟ್ ತೆಗೆದುಕೊಂಡರೆ ಬೇಗ ಆಗುತ್ತೆ ಅಂದೆ. "ದುಡ್ಡು ಕೊಟ್ಟು ಬೇಗ ನೋಡಿ ಏನು ಮಾಡ್ತೀಯಾ, ಸ್ಟುಡಿಯೋದಲ್ಲಿ ಸಾಲು ನಿಂತಿದೆಯಾ?" ಅಂದರು. ನಿಂತಿರಲಿಲ್ಲ, ನಿಜ. ನಾಲ್ಕು ಗಂಟೆ ಕಂಬಿ ಹಿಡಿದುಕೊಂಡು ನಿಂತೆವು. ಒಳಗೆ ತಾಯಿಯ ಮುಂದೆ ಸಿಗುವುದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ" ಅಂತ ಕೂಗು. ಹೊರಗೆ ಬಂದ ಮೇಲೆ ಅಮ್ಮ ಮೆಲ್ಲಗೆ ಹೇಳಿದರು, "ಎದುರಿಗೆ ಹೋದ ತಕ್ಷಣ ಕಣ್ಣು ಮುಚ್ಚಿಬಿಟ್ಟೆ ಕಣೋ."

ನನಗೆ ಸಿಟ್ಟೇ ಬಂತು. ನಾಲ್ಕು ಗಂಟೆ ನಿಂತು ಕಣ್ಣು ಮುಚ್ಚುವುದಾ! ನಮ್ಮ ಕೆಲಸದಲ್ಲಿ ಕಣ್ಣು ಮುಚ್ಚಿದ ಫೋಟೋ ಮೊದಲು ಡಿಲೀಟ್ ಆಗುತ್ತದೆ. ಅಮ್ಮನಿಗೆ ಅದೇನೂ ನಷ್ಟ ಅನ್ನಿಸಿರಲಿಲ್ಲ. ಮಡಿಲಲ್ಲಿದ್ದ ಕುಂಕುಮದ ಪೊಟ್ಟಣ ಬಿಚ್ಚಿ, ಮೊದಲು ಸೊಸೆಗೆ ಇಟ್ಟು, ಆಮೇಲೆ ನನ್ನ ಹಣೆ ಹುಡುಕಿದರು. ನಾನು ಬಗ್ಗಲಿಲ್ಲ. ಅವರೇ ಕಾಲ ತುದಿಯಲ್ಲಿ ನಿಂತು ಇಟ್ಟರು.

ದೀಪಾವಳಿ ಮುಗಿಯಿತು. ಗುಡಿಯ ಬಾಗಿಲು ಹಾಕಿದ ಆರನೇ ದಿನ ಅಮ್ಮ ಆಸ್ಪತ್ರೆ ಸೇರಿದರು. ಹದಿನೇಳನೇ ದಿನ ಬೆಳಗಿನ ಜಾವ 4 ಗಂಟೆ 20 ನಿಮಿಷಕ್ಕೆ ಹೋದರು. ನಾನು ಅಲ್ಲಿರಲಿಲ್ಲ. ಬೇರೆ ಊರಲ್ಲಿ ಮದುವೆ. ರಾತ್ರಿ ಆರತಕ್ಷತೆ ಮುಗಿಸಿ, ಬೆಳಿಗ್ಗೆ ಮುಹೂರ್ತ ಅಂತ ಛತ್ರದ ಒಂದು ಮೂಲೆಯಲ್ಲಿ ಕ್ಯಾಮೆರಾ ಬ್ಯಾಗು ತಲೆಗಿಟ್ಟು ಮಲಗಿದ್ದೆ. ಫೋನು ಸೈಲೆಂಟಲ್ಲಿತ್ತು. ಎದ್ದಾಗ ಏಳು ಮಿಸ್ಡ್ ಕಾಲ್. ಪಕ್ಕದಲ್ಲಿ ವಾಲಗದವರು ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು. ಅಸಿಸ್ಟೆಂಟ್ ಹುಡುಗನ ಕೈಗೆ ಕ್ಯಾಮೆರಾ ಕೊಟ್ಟು, "ಧಾರೆ ಮಿಸ್ ಮಾಡಬೇಡ" ಅಂದೆ. ಅಂಥ ಹೊತ್ತಲ್ಲೂ ಬಾಯಿಂದ ಬಂದದ್ದು ಅದೇ ಮಾತು.

ಆ ಟೈಮ್‌ಲ್ಯಾಪ್ಸ್ ಇದ್ದಿದ್ದರೆ ಅಮ್ಮ ಹೋದದ್ದು ಅದರ ಹದಿನೇಳನೇ ಸೆಕೆಂಡಿನಲ್ಲಿ. ಅದೂ 4 ಗಂಟೆಯ ಫ್ರೇಮಿಗೂ 5 ಗಂಟೆಯ ಫ್ರೇಮಿಗೂ ನಡುವೆ. ಆ ಎರಡು ಫ್ರೇಮಲ್ಲಿ ಏನು ಫರಕು ಕಾಣುತ್ತಿತ್ತು? ದೀಪ, ಹುತ್ತ, ಹೂವು. ನಾನು ಛತ್ರದಲ್ಲಿ ನಿದ್ದೆಯಲ್ಲಿದ್ದೆ. ಅವಳು ಅಲ್ಲಿ ಕತ್ತಲಲ್ಲಿ ಎದ್ದಿದ್ದಳಾ? ಈ ಪ್ರಶ್ನೆಯನ್ನು ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಜಗಳದ ಧ್ವನಿಯಲ್ಲೇ ಕೇಳಿದ್ದು.

ಆಮೇಲೆ ನಮ್ಮ ಮನೆಯಲ್ಲಿ ಹಬ್ಬ ಇಲ್ಲ. ವರ್ಷ ಆಗುವ ತನಕ ತೋರಣವಿಲ್ಲ, ಹೋಳಿಗೆಯಿಲ್ಲ. ಆದರೆ ಕೆಲಸ ಇತ್ತಲ್ಲ. ಕ್ಯಾಮೆರಾದವನ ಮನೆಯ ಸೂತಕ ಯಾರೂ ಕೇಳುವುದಿಲ್ಲ. ಊರವರ ಸಂಕ್ರಾಂತಿ, ಗೌರಿ, ಆಯುಧಪೂಜೆ ಎಲ್ಲದರ ಫೋಟೋ ತೆಗೆದೆ. ಯುಗಾದಿಯ ದಿನ ಒಂದು ಮನೆಯಲ್ಲಿ ಪುಟ್ಟ ಹುಡುಗಿ ಬೇವು ಬೆಲ್ಲದ ತಟ್ಟೆ ಹಿಡಿದು ನನ್ನ ಹತ್ತಿರವೂ ಬಂದಳು. ಬೇಡ ಅನ್ನಲು ಬಾಯಿ ಬರಲಿಲ್ಲ. ಚೂರು ತೆಗೆದುಕೊಂಡು ಎಡಗೈ ಮುಷ್ಟಿಯಲ್ಲಿ ಇಟ್ಟುಕೊಂಡೆ, ಬಲಗೈಯಲ್ಲಿ ಫೋಟೋ ತೆಗೆಯುತ್ತಾ ಹೋದೆ. ಬೈಕ್ ಹತ್ತುವಾಗ ನೋಡಿದರೆ ಬೆಲ್ಲ ಕರಗಿ ಅಂಗೈಗೆ ಅಂಟಿತ್ತು, ಬೇವಿನ ಹೂವು ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನಲ್ಲಿ ಹುಡುಕಿ ತೊಳೆದುಕೊಂಡೆ. ಅರ್ಧ ದಿನ ಆ ಕೈ ಅಂಟಂಟೇ ಇತ್ತು.

ಸ್ಟುಡಿಯೋಗೆ ತೀರಿಕೊಂಡವರ ಫೋಟೋ ದೊಡ್ಡದು ಮಾಡಿಸಲು ಜನ ಬರುತ್ತಾರೆ. ಮೊದಲಿಂದಲೂ ಇದ್ದ ಕೆಲಸ. ಗುಂಪು ಫೋಟೋದಿಂದ ಒಂದು ಮುಖ ಬಿಡಿಸಿ, ಹಿಂದೆ ನೀಲಿ ಹಾಕಿ, ಫ್ರೇಮ್ ಕಟ್ಟಿ ಕೊಡುವುದು. ಈ ವರ್ಷ ಒಬ್ಬರು ಬಂದು, "ಕಣ್ಣು ಮುಚ್ಚಿಕೊಂಡಿದ್ದಾರೆ, ಕಂಪ್ಯೂಟರಲ್ಲಿ ತೆಗೆಸೋಕೆ ಆಗುತ್ತಾ?" ಅಂತ ಕೇಳಿದರು. ಆಗುತ್ತೆ ಅಂದೆ, ಮಾಡಿಯೂ ಕೊಟ್ಟೆ. ಯಾರದೋ ಕಣ್ಣು, ಅವರ ಮುಖ. ಅವರಿಗೆ ಸಂತೋಷವಾಯಿತು. ನನಗೆ ಆ ದಿನ ಊಟ ಸೇರಲಿಲ್ಲ.

ನಮ್ಮಲ್ಲಿ ವರ್ಷ ತುಂಬುವ ಮೊದಲೇ, ಹನ್ನೊಂದನೇ ತಿಂಗಳಲ್ಲಿ ವರ್ಷ ಮಾಡಿ ಮುಗಿಸುವುದುಂಟು. ಅಕ್ಟೋಬರಲ್ಲಿ ಮಾಡಿದೆವು. ಆಗಲೇ ಗುಡಿಯ ಬಾಗಿಲು ತೆಗೆದಿತ್ತು. ವರ್ಷ ಆದ ಮೇಲೆ ಮೊದಲು ಯಾವ ದೇವಸ್ಥಾನ ಅಂತ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. "ಹಾಸನಕ್ಕೆ ಹೋಗೋಣ ರೀ, ಅತ್ತೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಹೋಗಿ ಬಂದಿರ್ತಿದ್ರು" ಅಂದಳು ನನ್ನವಳು. ಕ್ಯಾಮೆರಾ ಮನೆಯಲ್ಲೇ ಬಿಟ್ಟೆ. ಒಳಗೆ ಹೇಗೂ ತೆಗೆಯುವ ಹಾಗಿಲ್ಲ.

ಮತ್ತೆ ಧರ್ಮದರ್ಶನದ ಸಾಲೇ. ಒಂದು ಗಂಟೆ ಆಗುವಷ್ಟರಲ್ಲಿ ಮಗಳಿಗೆ ಬೇಜಾರು ಶುರುವಾಯಿತು. "ಅಜ್ಜಿ ಹೇಳ್ತಿದ್ದ ಕಲ್ಲಿನ ಕಥೆ ಹೇಳಮ್ಮ" ಅಂದಳು. ಸೊಸೆ ಕಲ್ಲಿನ ಕಥೆ. ಅಮ್ಮ ಪ್ರತಿ ವರ್ಷ ಸಾಲಿನಲ್ಲಿ ನಿಂತು ಅದನ್ನು ಪೂರ್ತಿ ಹೇಳಲೇಬೇಕು, ಅಕ್ಕಪಕ್ಕದವರಿಗೂ ಕೇಳುವ ಹಾಗೆ. ಒಬ್ಬಳು ಸೊಸೆ ದಿನಾ ತಾಯಿಯ ದರ್ಶನಕ್ಕೆ ಬರುತ್ತಿದ್ದಳಂತೆ. ಒಂದು ದಿನ ಅತ್ತೆ ಹಿಂದೆಯೇ ಬಂದು, "ಮನೆಕೆಲಸಕ್ಕಿಂತ ನಿನಗೆ ಇದೇ ಹೆಚ್ಚಾಯ್ತಾ" ಅಂತ ಬಟ್ಟಲಲ್ಲಿ ತಲೆಗೆ ಕುಕ್ಕಿದಳಂತೆ. ನೋವಿಗೆ ಸೊಸೆ "ಅಮ್ಮಾ ಹಾಸನಾಂಬೆ" ಅಂದಳು. ತಾಯಿ ಅವಳನ್ನು ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿ ಕಾಳಿನಷ್ಟು ತಾಯಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ.

ಇಲ್ಲಿಗೆ ಬಂದಾಗ ಅಮ್ಮ ನಿಲ್ಲಿಸಿ, ಸೊಸೆಯ ಕಡೆ ನೋಡಿ, "ಅತ್ತೆ ಅಂದ್ರೆ ನಾನಲ್ಲ ಮತ್ತೆ" ಅನ್ನುತ್ತಿದ್ದರು. ಸುತ್ತ ಇದ್ದವರೆಲ್ಲ ನಗಬೇಕು.

ನನ್ನವಳು ಕಥೆಯನ್ನು ಅದೇ ಧಾಟಿಯಲ್ಲಿ ಹೇಳಿದಳು. ಅಕ್ಕಿ ಕಾಳಿನ ಜಾಗಕ್ಕೆ ಬಂದಾಗ ಅಮ್ಮ ಮಾಡುತ್ತಿದ್ದ ಹಾಗೆ ಎರಡು ಬೆರಳು ಜೋಡಿಸಿ ತೋರಿಸಿದಳು. ಕೊನೆಯಲ್ಲಿ ಒಂದು ಕ್ಷಣ ನಿಂತಳು. "ಅತ್ತೆ ಅಂದ್ರೆ ನಿಮ್ಮಜ್ಜಿ ಅಲ್ಲ ಮತ್ತೆ" ಅಂದಳು. ಮುಂದೆ ನಿಂತಿದ್ದ ಹೆಂಗಸು ನಕ್ಕಳು. ನಾವೂ ನಕ್ಕೆವು. ಆಮೇಲೆ ನನ್ನವಳು ಸೆರಗಿನಿಂದ ಮಗಳ ಮುಖದ ಬೆವರು ಒರೆಸಿದಳು. ಮಗಳು ಅಷ್ಟೇನೂ ಬೆವರಿರಲಿಲ್ಲ.

ಒಳಗೆ ಅದೇ ಎರಡು ಮೂರು ಸೆಕೆಂಡು. ನನ್ನ ಲೆಕ್ಕದಲ್ಲಿ ಮೂರು ದಿನ. ಏನೂ ಬೇಡಿಕೊಳ್ಳಲಿಲ್ಲ, ನೆನಪಾಗಲಿಲ್ಲ. ವರ್ಷವಿಡೀ ಕಟ್ಟಿಟ್ಟುಕೊಂಡಿದ್ದ ಜಗಳವೂ ಬಾಯಿಗೆ ಬರಲಿಲ್ಲ. ಕುಂಕುಮ, ಹೂವು, ದೀಪದ ಬಿಸಿ ಮುಖಕ್ಕೆ ತಾಗಿದ್ದು, ಇಷ್ಟೇ ಗೊತ್ತು. ಹೊರಗೆ ಬಂದು ಮಗಳು ಪೊಟ್ಟಣ ಬಿಚ್ಚಿದಾಗ ಬಗ್ಗಿ ಹಣೆ ಒಡ್ಡಿದೆ.

ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ಆ ಸಂಜೆಯೇ ಅಟ್ಟದಿಂದ ಹಣತೆಯ ಡಬ್ಬ ಇಳಿಸಿದೆ. ಹೋದ ವರ್ಷ ಅಮ್ಮನೇ ಎತ್ತಿಟ್ಟದ್ದು. ಯಾವಾಗಲೂ ತೊಳೆದು ಒಣಗಿಸಿ ಇಡುವವರು, ಆ ಸಲ ಹಾಗೇ ಇಟ್ಟುಬಿಟ್ಟಿದ್ದರು. ಆಗಲೇ ಮೈಗೆ ಆಗುತ್ತಿರಲಿಲ್ಲವೇನೋ. ಹಣತೆಗಳಲ್ಲಿ ಎಣ್ಣೆ ಅಂಟಾಗಿ ಧೂಳು ಕೂತಿತ್ತು. ಬತ್ತಿಗಳು ಸುಟ್ಟು ಕರಿ ಚುಕ್ಕೆಯಾಗಿದ್ದವು. ಒಂದರಲ್ಲಿ ಮಾತ್ರ ಬತ್ತಿ ಅರ್ಧ ಉಳಿದಿತ್ತು, ಅಮ್ಮ ಹೊಸೆದದ್ದು, ತುದಿ ಸ್ವಲ್ಪ ದಪ್ಪ.

ನನ್ನವಳು ಉಳಿದವನ್ನೆಲ್ಲ ಬಿಸಿನೀರಿಗೆ ಹಾಕಿದಳು. ಅದೊಂದನ್ನು ಹಾಕಲಿಲ್ಲ. ಬತ್ತಿ ಅಲುಗದ ಹಾಗೆ ಎರಡು ಚಮಚ ಹೊಸ ಎಣ್ಣೆ ಬಿಟ್ಟು, ದೇವರ ಮನೆಯ ಮೂಲೆಯಲ್ಲಿ ಬೇರೆ ಇಟ್ಟಳು.